ಮತ್ತೆ ಪರೀಕ್ಷೆಯೆ, ಮತ್ತೆ ಪಾಠವೆ?

ಪರೀಕ್ಷೆಯ ಫಲಿತಾಂಶ ಬಂದ ಮನೆಯಲ್ಲಿ ಎರಡೇ ಬಗೆಯ ವಾತಾವರಣವಿರುತ್ತದೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ತೇರ್ಗಡೆಯಾದರೆ ಸಿಹಿ, ಆಗದಿದ್ದರೆ ಮೌನ. ಆದರೆ ಇವೆರಡರ ನಡುವೆ ಮೂರನೆಯದೊಂದುಂಟು. ಮಗಳು ತೇರ್ಗಡೆಯಾಗಿದ್ದಾಳೆ, ಪದವಿ ಕೈಗೆ ಬಂದಿದೆ, ಆದರೂ ಅಂಕಪಟ್ಟಿಯ ಒಂದು ಸಾಲು ಕಣ್ಣಿಗೆ ಬಿದ್ದ ಮರಳಿನಂತೆ ಚುಚ್ಚುತ್ತಲೇ ಇದೆ. ಆ ಒಂದು ವಿಷಯದಲ್ಲಿ ಮಾತ್ರ ಅಂಕ ತೀರ ಕಡಮೆ. ಇತ್ತ ಸ್ನಾತಕೋತ್ತರ ತರಗತಿಗೆ ಅರ್ಜಿ ಹಾಕುವ ಕಾಲ ಬಂದಿದೆ. ಆ ವಿಷಯಕ್ಕೆ ಮತ್ತೊಮ್ಮೆ ಪರೀಕ್ಷೆ ಕಟ್ಟಿ, ಅಂಕವನ್ನು ಉತ್ತಮಪಡಿಸಿಕೊಂಡು ಹೋಗುವುದು ಲೇಸೆ? ಇಲ್ಲವೆ, ಆದದ್ದಾಯಿತೆಂದು ಮುಂದಿನ ಮೆಟ್ಟಿಲನ್ನು ಹತ್ತುವುದು ಲೇಸೆ?

ಮಧ್ಯಮ ವರ್ಗದ ಕುಟುಂಬಗಳಲ್ಲಿ ಈ ಪ್ರಶ್ನೆ ವರ್ಷ ವರ್ಷವೂ ಏಳುತ್ತದೆ. ಅದಕ್ಕೆ ಉತ್ತರ ಹೇಳುವವರಿಗೇನೂ ಕೊರತೆಯಿಲ್ಲ. ಕೊರತೆಯಿರುವುದು ಪ್ರಶ್ನೆಯನ್ನು ಬಿಡಿಸಿ ನೋಡುವ ತಾಳ್ಮೆಗೆ.

ಕೆಸರೆಯ ಒಂದು ಮನೆ

ಮೈಸೂರಿನ ಈಶಾನ್ಯ ದಿಕ್ಕಿನಲ್ಲಿರುವ ಕೆಸರೆ ಒಂದು ಕಾಲಕ್ಕೆ ಊರ ಹೊರಗಿನ ಹಳ್ಳಿ. ನಗರ ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಹೊಲಗಳಿದ್ದ ಕಡೆ ಬಡಾವಣೆಗಳಾದುವು. ಅಲ್ಲಿನ ಒಂದು ಮನೆಯನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ಹೆಸರುಗಳು ಬೇಡ, ಇಂಥ ಮನೆ ಎಲ್ಲ ಬೀದಿಗಳಲ್ಲಿಯೂ ಉಂಟು.

ತಂದೆ ಸರ್ಕಾರಿ ಕಛೇರಿಯೊಂದರಲ್ಲಿ ಗುಮಾಸ್ತರು. ನಿವೃತ್ತಿಗೆ ಇನ್ನು ಎರಡೇ ವರ್ಷ. ತಾಯಿ, ಅಜ್ಜಿ, ಪಿ.ಯು.ಸಿ. ಓದುತ್ತಿರುವ ಮಗ. ಹಿರಿಯ ಮಗಳು ಭೌತಶಾಸ್ತ್ರ, ಗಣಿತಗಳನ್ನು ಮುಖ್ಯವಾಗಿ ಓದಿ ಬಿ.ಎಸ್‌ಸಿ. ಮುಗಿಸಿದ್ದಾಳೆ. ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಮಾಡಬೇಕೆಂಬುದು ಅವಳ ಬಹುದಿನದ ಆಸೆ. ಎಲ್ಲ ಸೆಮಿಸ್ಟರುಗಳಲ್ಲಿಯೂ ಅಂಕಗಳು ತಕ್ಕಮಟ್ಟಿಗೆ ಚೆನ್ನಾಗಿವೆ. ಆದರೆ ನಾಲ್ಕನೆಯ ಸೆಮಿಸ್ಟರಿನ ಗಣಿತ ಪತ್ರಿಕೆ, ಅವಕಲ ಸಮೀಕರಣಗಳದ್ದು, 100ಕ್ಕೆ 42ರಲ್ಲಿ ನಿಂತಿದೆ.

ಅದಕ್ಕೆ ಕಾರಣ ಮನೆಯವರಿಗೆಲ್ಲ ತಿಳಿದದ್ದೇ. ಆ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ತಾಯಿ ಆಸ್ಪತ್ರೆಗೂ ಮನೆಗೂ ಓಡಾಡಬೇಕಾಯಿತು; ಒಲೆಯ ಮುಂದೆ ನಿಂತವಳು ಮಗಳು. ಬೆಳಗಿನ ಮೊದಲ ತರಗತಿ ಗಣಿತದ್ದು. ತಪ್ಪಿಹೋದ ತರಗತಿಗಳೆಲ್ಲ ಅದೇ.

ಫಲಿತಾಂಶ ಕೈಗೆ ಬಂದ ದಿನ ಸಂಜೆ ಸೋದರಮಾವ ಬಂದರು. ಅಂಕಪಟ್ಟಿಯನ್ನು ನೋಡಿ ತೀರ್ಪು ಕೊಟ್ಟೇಬಿಟ್ಟರು.

“ಒಂದು ವರ್ಷ ತಾನೆ, ಭಾವ? ಮತ್ತೆ ಕಟ್ಟಿ ಎಂಬತ್ತು ತೆಗೆಯಲಿ. ಅಂಕಪಟ್ಟಿ ಅನ್ನುವುದು ಜಾತಕವಿದ್ದ ಹಾಗೆ. ಸಾಯುವವರೆಗೂ ಜೊತೆಗೆ ಬರುತ್ತದೆ.”

“ನಿನಗೇನಪ್ಪ, ಹೇಳಿಬಿಟ್ಟೆ,” ಎಂದರು ತಂದೆ. “ಆ ಒಂದು ವರ್ಷ ನನ್ನ ಸಂಬಳದಲ್ಲಿ ಉಳಿದಿರುವ ಎರಡು ವರ್ಷಗಳಲ್ಲಿ ಒಂದು.”

ತಾಯಿ ಏನೂ ಹೇಳಲಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತ ಹುಡುಗಿಯ ವಿಚಾರದಲ್ಲಿ ಬಂಧುಗಳು ಯಾವ ಮಾತನ್ನು ಎತ್ತುತ್ತಾರೆಂಬುದು ಆಕೆಗೆ ಗೊತ್ತು. ಅಜ್ಜಿ ಮಾತ್ರ ಮೂಲೆಯಿಂದ, “ನನ್ನ ಕಾಲು ಮುರಿದದ್ದು ಸಾಲದೆಂದು ಮಗುವಿನ ಓದೂ ಮುರಿಯಿತು,” ಎಂದು ನಿಟ್ಟುಸಿರಿಟ್ಟರು. ಆ ಮಾತಿನಿಂದ ಮಗಳಿಗೆ ಅಂಕಪಟ್ಟಿಗಿಂತಲೂ ಹೆಚ್ಚು ನೋವಾಯಿತು.

ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ. ಮಾವನದು ಅಭಿಮಾನದ ಮಾತು. ತಂದೆಯದು ಲೆಕ್ಕದ ಮಾತು. ಅಜ್ಜಿಯದು ಕರುಳಿನ ಮಾತು. ಆದರೆ ಆ ಪತ್ರಿಕೆಯಲ್ಲಿ ಏನಿತ್ತು, ಮಗಳಿಗೆ ಅದರಲ್ಲಿ ಎಷ್ಟು ಬರುತ್ತದೆ ಎಂಬುದನ್ನು ಆ ಸಂಜೆ ಯಾರೂ ಕೇಳಲಿಲ್ಲ. ಅದನ್ನು ಕೇಳಿದವರು ಪಕ್ಕದ ಬೀದಿಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು.

ಒಂದು ಸಾಲಿನ ತೂಕ ಎಷ್ಟು?

ಮೇಷ್ಟ್ರು ಮೊದಲು ಮಾಡಿದ ಕೆಲಸ ಒಂದು ಕಾಗದ, ಪೆನ್ಸಿಲು ತರಿಸಿದ್ದು. ಹೆದರಿಕೆಯಾಗಲಿ, ಅವಮಾನವಾಗಲಿ, ಲೆಕ್ಕಕ್ಕೆ ಇಳಿದೊಡನೆ ಅರ್ಧಕ್ಕೆ ಇಳಿಯುತ್ತದೆಂಬುದು ಅವರ ಅನುಭವ.

ಇಂದಿನ ಪದವಿಗಳಲ್ಲಿ ಒಂದೊಂದು ಪತ್ರಿಕೆಗೂ ಇಷ್ಟಿಷ್ಟು ಕ್ರೆಡಿಟ್ ಎಂದು ತೂಕವಿರುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಸೂಚಿಸಿರುವ ಹತ್ತರ ಮಾನದಲ್ಲಿ ಅತ್ಯುತ್ತಮ ದರ್ಜೆಗೆ 10 ಅಂಶ. ಕೇವಲ ತೇರ್ಗಡೆಗೆ 4. ಪತ್ರಿಕೆಯ ಕ್ರೆಡಿಟನ್ನು ದರ್ಜೆಯ ಅಂಶದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟಿನಿಂದ ಭಾಗಿಸಿದರೆ ಬರುವುದೇ ಸರಾಸರಿ.

ಪದವಿಗೆ ಒಟ್ಟು 140 ಕ್ರೆಡಿಟ್ ಎಂದಿಟ್ಟುಕೊಂಡರೆ, ಅದರಲ್ಲಿ ಈ ಪತ್ರಿಕೆಯ ಪಾಲು 4. ದರ್ಜೆಯ ಅಂಶ 4 ಇದ್ದಾಗ ಈ ಪತ್ರಿಕೆಯಿಂದ ಬಂದದ್ದು 16. ಒಂದು ವರ್ಷ ಕಷ್ಟಪಟ್ಟು ಅದನ್ನು 8ಕ್ಕೆ ಏರಿಸಿದರೆ ಬರುವುದು 32. ಲಾಭ 16. ಅದನ್ನು 140ರಿಂದ ಭಾಗಿಸಿದರೆ ಸುಮಾರು 0.11. ಎಂದರೆ, 7.20 ಇದ್ದ ಸರಾಸರಿ 7.31 ಆಗುತ್ತದೆ. ಮಾವನವರು ಹೇಳಿದ ಒಂದು ವರ್ಷದ ಬೆಲೆ ಇಷ್ಟು.

“ಇಷ್ಟೇನಾ?” ಎಂದಳು ಮಗಳು. ಕಣ್ಣಿಗೆ ಬಿದ್ದ ಮರಳಿನ ಗಾತ್ರ ಅವಳಿಗೆ ಮೊದಲ ಸಲ ಕಾಣಿಸಿತು.

“ಇಷ್ಟೇ ಅಂತ ಈಗಲೇ ಹೇಳಬೇಡ ಮಗು,” ಎಂದರು ಮೇಷ್ಟ್ರು. “ನೀನು ಗಣಿತದ ಎಂ.ಎಸ್‌ಸಿ.ಗೆ ಹೋಗುವವಳಾಗಿದ್ದು, ಅಲ್ಲಿ ಗಣಿತದ ಅಂಕವನ್ನು ಮಾತ್ರ ನೋಡುವವರಾಗಿದ್ದರೆ ಲೆಕ್ಕ ಬೇರೆ.” ಗಣಿತದ ಪತ್ರಿಕೆಗಳ ಕ್ರೆಡಿಟ್ ಒಟ್ಟು 40 ಎಂದಾದರೆ ಅದೇ 16 ಅಂಶಗಳು ಸರಾಸರಿಯನ್ನು 0.4ರಷ್ಟು ಮೇಲೆತ್ತುತ್ತವೆ. ಅದು ಅಲಕ್ಷಿಸುವಂಥ ಮೊತ್ತವಲ್ಲ. ಒಂದೇ ಅಂಕ, ನೋಡುವವರು ಬೇರೆಯಾದರೆ ಅದರ ತೂಕವೂ ಬೇರೆ.

ಬಾಗಿಲಲ್ಲಿ ನಿಂತವರು ಏನನ್ನು ಕೇಳುತ್ತಾರೆ?

ಆದಕಾರಣ ಎರಡನೆಯ ಪ್ರಶ್ನೆ: ಸೇರಬೇಕೆಂದಿರುವ ಕಡೆ ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಇದಕ್ಕೆ ಉತ್ತರ ಬಂಧುಗಳಲ್ಲಿಲ್ಲ. ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲಿದೆ. ಕೆಲವೆಡೆ ಪದವಿಯ ಒಟ್ಟು ಸರಾಸರಿ ಇಷ್ಟಿರಲೇಬೇಕೆಂಬ ಗೆರೆಯಿರುತ್ತದೆ. ಕೆಲವೆಡೆ ಆಯ್ದ ವಿಷಯದ ಅಂಕವನ್ನೇ ಮುಖ್ಯವಾಗಿ ನೋಡುತ್ತಾರೆ. ಇನ್ನು ಕೆಲವೆಡೆ ಪ್ರವೇಶ ಪರೀಕ್ಷೆಗೇ ಪ್ರಾಧಾನ್ಯ. ಐ.ಐ.ಟಿ.ಗಳ ಎಂ.ಎಸ್‌ಸಿ. ತರಗತಿಗಳಿಗೆ 2004ರಿಂದ ‘ಜ್ಯಾಮ್’ ಎಂಬ ಪರೀಕ್ಷೆ ನಡೆಯುತ್ತಿದೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ತರಗತಿಗಳಿಗೆ 2022ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾಯಿತು. ಇಂಥ ಪರೀಕ್ಷೆಗಳಲ್ಲಿ ಎರಡು ವರ್ಷದ ಹಿಂದಿನ 42ನ್ನು ಯಾರೂ ಕೇಳುವುದಿಲ್ಲ. ಆದರೆ ಆ 42ರ ಹಿಂದಿರುವ ಅಜ್ಞಾನವನ್ನು ಪ್ರತಿಯೊಂದು ಪ್ರಶ್ನೆಯೂ ಕೇಳುತ್ತದೆ.

ಮರಳಿ ಕಟ್ಟುವ ನಿಯಮಗಳೂ ಎಲ್ಲ ಕಡೆ ಒಂದೇ ಅಲ್ಲ. ತೇರ್ಗಡೆಯಾದ ಪತ್ರಿಕೆಯನ್ನು ಮತ್ತೆ ಬರೆಯಲು ಕೆಲವು ಕಡೆ ಅವಕಾಶವೇ ಇಲ್ಲ. ಕೆಲವು ಕಡೆ ಇಷ್ಟು ಕಾಲದೊಳಗೆ, ಇಷ್ಟು ಸಲ ಎಂಬ ಮಿತಿಯುಂಟು. ಸಮ ಸೆಮಿಸ್ಟರಿನ ಪತ್ರಿಕೆ ಬೇಕೆಂದರೆ ಅನೇಕ ಕಡೆ ಮುಂದಿನ ಸಮ ಸೆಮಿಸ್ಟರಿನ ಪರೀಕ್ಷೆಯವರೆಗೆ ಕಾಯಬೇಕು. ಮರಳಿ ಬರೆದವರನ್ನು ರ‍್ಯಾಂಕು, ಪದಕಗಳಿಗೆ ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಒಂದು ವರ್ಷವನ್ನು ಬಿಟ್ಟುಕೊಡುವ ಮುನ್ನ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ಅರ್ಧ ದಿನ ನಿಲ್ಲುವುದು ನಷ್ಟದ ಕೆಲಸವಲ್ಲ.

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಅಮೆರಿಕದ ಕಾಲೇಜುಗಳಲ್ಲಿ ಒಂದು ವಿಷಯವನ್ನು ಮತ್ತೆ ತೆಗೆದುಕೊಳ್ಳುವುದೆಂದರೆ ಮತ್ತೆ ತರಗತಿಯಲ್ಲಿ ಕುಳಿತು, ಪಾಠ ಕೇಳಿ, ಮನೆಲೆಕ್ಕಗಳನ್ನು ಮಾಡಿ, ಆಮೇಲೆ ಪರೀಕ್ಷೆ ಬರೆಯುವುದು. ನಮ್ಮ ಕಡೆ ‘ಮತ್ತೆ ಕಟ್ಟುವುದು’ ಎಂದರೆ ಬಹುಮಟ್ಟಿಗೆ ಶುಲ್ಕ ಕಟ್ಟಿ ಪರೀಕ್ಷೆಗೆ ಕೂರುವುದು ಮಾತ್ರ. ಪಾಠವನ್ನು ಮತ್ತೆ ಯಾರೂ ಹೇಳುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಹತ್ತು ಸಲ ತಿರುವಿಹಾಕಿ 42ನ್ನು 80 ಮಾಡಿಕೊಂಡವರುಂಟು. ಅವರ ಅಂಕ ಏರಿತು. ಪಾಠ ಮಾತ್ರ ಇದ್ದಲ್ಲಿಯೇ ಇತ್ತು.

ಊಟದ ಮೇಜಿನ ಮೇಲೆ ನಡೆದ ಪರೀಕ್ಷೆ

ಮೇಷ್ಟ್ರ ಮೂರನೆಯ ಪ್ರಶ್ನೆ ಇದೇ. “ಅಂಕ ಹಾಗಿರಲಿ. ಪಾಠ ಬರುತ್ತದೆಯೇ?”

ಮಗಳು ಕೂಡಲೆ ಉತ್ತರ ಕೊಡಲಿಲ್ಲ. ಆ ಪರೀಕ್ಷೆಯಲ್ಲಿ ತನಗೆ ತಿಳಿದಿದ್ದೂ ಬರೆಯಲಾಗಲಿಲ್ಲವೋ, ತಿಳಿದೇ ಇರಲಿಲ್ಲವೋ ಎಂಬುದು ಅವಳಿಗೇ ಸ್ಪಷ್ಟವಿರಲಿಲ್ಲ. ಇದನ್ನು ಕಂಡುಕೊಳ್ಳಲು ಎರಡು ದಾರಿಗಳುಂಟು. ಒಂದು, ಬರೆದ ಉತ್ತರಪತ್ರಿಕೆಯನ್ನೇ ತರಿಸಿ ನೋಡುವುದು. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನ ಕಾಯಿದೆಯಡಿ ನೋಡುವ ಅಧಿಕಾರ ವಿದ್ಯಾರ್ಥಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತೀರ್ಪು ನೀಡಿದೆ. ನಕಲು ಪ್ರತಿಗೆ ಅರ್ಜಿ ಹಾಕುವ ವ್ಯವಸ್ಥೆ ಅನೇಕ ವಿಶ್ವವಿದ್ಯಾನಿಲಯಗಳಲ್ಲಿಯೇ ಇದೆ. ಆದರೆ ಅದಕ್ಕೆ ಅವಧಿಯ ಮಿತಿಯಿರುವುದರಿಂದ ಫಲಿತಾಂಶ ಬಂದೊಡನೆ ಹಾಕಬೇಕು. ಇನ್ನೊಂದು ದಾರಿ ಅದಕ್ಕಿಂತ ಸುಲಭ. ಅದೇ ಪತ್ರಿಕೆಯನ್ನು ಈಗ ಮುಂದಿಟ್ಟುಕೊಂಡು ಬರೆದು ನೋಡುವುದು.

ಊಟದ ಮೇಜನ್ನು ಒರೆಸಿ ಪ್ರಶ್ನೆಪತ್ರಿಕೆಯನ್ನು ಇಟ್ಟರು. ಅವಕಲ ಸಮೀಕರಣದ ವರ್ಗ ಯಾವುದು, ಘಾತ ಯಾವುದು ಎಂಬ ಎರಡು ಅಂಕದ ಪ್ರಶ್ನೆಗಳನ್ನು ಮಗಳು ನಿರಾತಂಕವಾಗಿ ಬರೆದಳು. ಮೊದಲನೆಯ ವರ್ಗದ ಸಮೀಕರಣಗಳೂ ಬಂದುವು. ಎರಡನೆಯ ವರ್ಗಕ್ಕೆ ಬಂದಾಗ ಪೆನ್ಸಿಲು ನಿಧಾನವಾಯಿತು. ಕಾದ ಸರಳಿನಲ್ಲಿ ಶಾಖ ಹೇಗೆ ಹರಡುತ್ತದೆಂಬ ಸಮೀಕರಣದಲ್ಲಿ ಅದು ನಿಂತೇಹೋಯಿತು. ಕಾಲ ಒಂದು ಕಡೆ, ದೂರ ಒಂದು ಕಡೆ ಆಗುವಂತೆ ಸಮೀಕರಣವನ್ನು ಒಡೆಯಬೇಕೆಂಬುದು ಮಾತ್ರ ನೆನಪಿತ್ತು. ಏಕೆ ಒಡೆಯಬೇಕು, ಒಡೆದಾದ ಮೇಲೆ ಏನು ಮಾಡಬೇಕು ಎಂಬುದು ತಿಳಿದಿರಲಿಲ್ಲ. ಅಜ್ಜಿ ಆಸ್ಪತ್ರೆಯಲ್ಲಿದ್ದ ವಾರಗಳ ಪಾಠ ಅದು.

ಮೇಷ್ಟ್ರು ಒಂದು ಮಾತನ್ನೂ ಆಡದೆ ಎಂ.ಎಸ್‌ಸಿ. ಮೊದಲ ವರ್ಷದ ಪಠ್ಯಕ್ರಮವನ್ನು ಅದರ ಪಕ್ಕಕ್ಕೆ ಇಟ್ಟರು. ಗಣಿತೀಯ ಭೌತಶಾಸ್ತ್ರ, ಕ್ವಾಂಟಂ ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ. ಎಲ್ಲಿ ನೋಡಿದರೂ ಅದೇ ಸಮೀಕರಣಗಳ ಬಂಧುಬಳಗ. ಫೂರಿಯೇ ಎಂಬ ಫ್ರೆಂಚ್ ಪಂಡಿತ ಶಾಖದ ವಿಚಾರವಾಗಿ 1822ರಲ್ಲಿ ಪ್ರಕಟಿಸಿದ ಗ್ರಂಥದಿಂದ ಹಿಡಿದು, 1926ರಲ್ಲಿ ಶ್ರೋಡಿಂಗರ್ ಪರಮಾಣುವಿಗಾಗಿ ಬರೆದ ಸಮೀಕರಣದವರೆಗೆ ಭೌತಶಾಸ್ತ್ರದ ಅರ್ಧ ಭಾಗ ಈ ಭಾಷೆಯಲ್ಲಿಯೇ ಮಾತನಾಡುತ್ತದೆ.

“ನೋಡಿದೆಯಾ ಮಗು? ಅಂಕ ನಿನ್ನನ್ನು ಬಾಗಿಲಲ್ಲಿ ತಡೆಯುವುದಿಲ್ಲ. ಒಳಗೆ ಹೋದ ಮೇಲೆ ಪಾಠ ತಡೆಯುತ್ತದೆ.”

ಈ ಮಾತಿನಲ್ಲಿ ಮುಂದಿನ ದಿನಗಳ ಲೆಕ್ಕವೂ ಅಡಗಿತ್ತು. ಎಂ.ಎಸ್‌ಸಿ. ಮುಗಿಸಿ ಕಾಲೇಜು ಅಧ್ಯಾಪಕಿಯಾಗಬೇಕೆಂದು ನೆಟ್ ಪರೀಕ್ಷೆಗೆ ಕೂರುವ ಸಾಮಾನ್ಯ ವರ್ಗದ ಅಭ್ಯರ್ಥಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕವಿರಬೇಕು. ಮೀಸಲು ವರ್ಗಗಳವರಿಗೆ ಶೇಕಡ 50. ಅಲ್ಲಿ ಕೇಳುವುದು ಎಂ.ಎಸ್‌ಸಿ.ಯ ಅಂಕವನ್ನು. ಬಿ.ಎಸ್‌ಸಿ.ಯ ಒಂದು ಪತ್ರಿಕೆಗಾಗಿ ಕಣ್ಣೀರಿಟ್ಟು, ಅದೇ ದುರ್ಬಲ ತಳಹದಿಯ ಮೇಲೆ ಎಂ.ಎಸ್‌ಸಿ.ಯ ನಾಲ್ಕು ಪತ್ರಿಕೆಗಳನ್ನು ಕಟ್ಟಿದರೆ ಕಾಣದಿದ್ದ ಬಿರುಕು ಆಗ ಕಾಣುತ್ತದೆ.

ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಒಂದು ವರ್ಷ

ಹಾಗಾದರೆ ಒಂದು ವರ್ಷ ನಿಂತುಹೋದವರೆಲ್ಲ ಕೆಟ್ಟರೆ? ಮೈಸೂರಿನವರಿಗೆ ಇದಕ್ಕೆ ಉತ್ತರ ಹತ್ತಿರದಲ್ಲಿಯೇ ಇದೆ. ಆರ್.ಕೆ. ನಾರಾಯಣ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಅವರ ತಂದೆ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಆ ಮನೆಯಲ್ಲಿ ಅದೆಂಥ ಸಂದರ್ಭವೆಂಬುದನ್ನು ಊಹಿಸಿಕೊಳ್ಳಬಹುದು. ಮುಂದಿನ ಒಂದು ವರ್ಷವನ್ನು ಅವರು ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆ ಹೋಗಿ ಕುಳಿತು, ಮನಸ್ಸಿಗೆ ಬಂದದ್ದನ್ನೆಲ್ಲ ಓದುತ್ತ ಕಳೆದರು. 1926ರಲ್ಲಿ ತೇರ್ಗಡೆಯಾಗಿ ಮಹಾರಾಜಾ ಕಾಲೇಜನ್ನು ಸೇರಿದರು. ಅಲ್ಲಿಯೂ ಮೂರು ವರ್ಷದ ಬಿ.ಎ.ಗೆ ನಾಲ್ಕು ವರ್ಷ ಹಿಡಿಯಿತು. ಪದವಿ ಬಂದದ್ದು 1930ರಲ್ಲಿ. ಆಮೇಲೆ ಸಾಹಿತ್ಯದ ಎಂ.ಎ.ಗೆ ಅರ್ಜಿ ಹಿಡಿದು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾಗ ಸ್ನೇಹಿತರೊಬ್ಬರು ಅಡ್ಡಬಂದು, ಎಂ.ಎ. ಮಾಡಿದರೆ ಸಾಹಿತ್ಯದ ಮೇಲಿನ ಪ್ರೀತಿಯೇ ಹೋದೀತೆಂದು ಹಿಂದಿರುಗಿಸಿದರಂತೆ. ಅವರ ಮೊದಲ ಕಾದಂಬರಿ 1935ರಲ್ಲಿ ಹೊರಬಂದಿತು. ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ ಇಂದು ವಸ್ತುಸಂಗ್ರಹಾಲಯ.

ನಷ್ಟವಾಯಿತೆಂದು ಬಂಧುಗಳು ಹೇಳಿದ್ದಿರಬಹುದಾದ ಆ ವರ್ಷದಲ್ಲಿ ಕಾದಂಬರಿಕಾರನೊಬ್ಬ ಸಿದ್ಧನಾಗುತ್ತಿದ್ದ. ಆದರೆ ಇದನ್ನು ನೆಪವಾಗಿ ಬಳಸುವವರು ಒಂದು ಮಾತನ್ನು ಮರೆಯುತ್ತಾರೆ. ಕೆರೆಯ ದಂಡೆಯಲ್ಲಿ ಅವರು ಸುಮ್ಮನೆ ಕುಳಿತಿರಲಿಲ್ಲ, ಓದುತ್ತಿದ್ದರು.

ಗಣಿತದ ಮಾತು ಬಂದಾಗ ಶ್ರೀನಿವಾಸ ರಾಮಾನುಜನ್ನರ ಹೆಸರನ್ನು ಎತ್ತದ ಮನೆಯಿಲ್ಲ. ಇತರ ವಿಷಯಗಳಲ್ಲಿ ಅನುತ್ತೀರ್ಣರಾಗಿ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡವರು ಅವರು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದ ಮೇಲೂ ಎಫ್.ಎ. ಪರೀಕ್ಷೆ ದಾಟಲಿಲ್ಲ. 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಕೊಟ್ಟಿತು. 1914ರಲ್ಲಿ ಅವರು ಕೇಂಬ್ರಿಜ್ ಸೇರಿದರು. ಇಷ್ಟು ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಭಾಗ ಮುಂದಿನದು. ಅಲ್ಲಿಗೆ ಹೋದ ಮೇಲೆ, ತಾವು ಕಲಿಯದೆ ಬಿಟ್ಟಿದ್ದ ಆಧುನಿಕ ಗಣಿತವನ್ನೂ ಸಾಧನೆಯ ಕ್ರಮವನ್ನೂ ಅವರು ಕಲಿಯಬೇಕಾಯಿತು. ಅವರ ಪ್ರತಿಭೆಗೆ ಭಂಗಬಾರದಂತೆ ಅದನ್ನು ಹೇಗೆ ಕಲಿಸುವುದೆಂಬುದು ಹಾರ್ಡಿಯವರಿಗೆ ದೊಡ್ಡ ಸಮಸ್ಯೆಯಾಗಿತ್ತು. ರಾಮಾನುಜನ್ ಎಫ್.ಎ. ಪರೀಕ್ಷೆಯನ್ನು ಕೊನೆಗೂ ದಾಟಲಿಲ್ಲ, ನಿಜ. ಬಿಟ್ಟುಹೋದ ಪಾಠವನ್ನು ಮಾತ್ರ ಕಲಿತರು.

ಶ್ರೋಡಿಂಗರ್ ಕಥೆಯೂ ಇದಕ್ಕೆ ಹೊಂದುತ್ತದೆ. ತನ್ನ ಪ್ರಸಿದ್ಧ ಸಮೀಕರಣವನ್ನು ಬರೆದಾಗ ಅವರು ಜ್ಯೂರಿಚ್‌ನಲ್ಲಿ ಪ್ರಾಧ್ಯಾಪಕರು, ವಯಸ್ಸು 38. ಜಲಜನಕದ ಪರಮಾಣುವಿಗೆ ಆ ಸಮೀಕರಣವನ್ನು ಬಿಡಿಸುವಾಗ ಗಣಿತಜ್ಞ ಹರ್ಮನ್ ವೈಲ್ ಅವರ ನೆರವನ್ನು ಪಡೆದರು; ಲೇಖನದಲ್ಲಿ ಅದನ್ನು ನೆನೆದಿದ್ದಾರೆ. ಪ್ರಾಧ್ಯಾಪಕರಿಗೆ ಇಲ್ಲದ ಸಂಕೋಚ ವಿದ್ಯಾರ್ಥಿಗೆ ಏಕೆ?

ಮತ್ತೆ ಕಟ್ಟಲೇಬೇಕಾದ ಸಂದರ್ಭಗಳು

ಹೀಗೆಂದ ಮಾತ್ರಕ್ಕೆ ಮರಳಿ ಪರೀಕ್ಷೆ ಬರೆಯುವುದು ಯಾವಾಗಲೂ ವ್ಯರ್ಥವೆಂದಲ್ಲ. ಪತ್ರಿಕೆಯಲ್ಲಿ ಅನುತ್ತೀರ್ಣರಾಗಿದ್ದರೆ ಬೇರೆ ಮಾತೇ ಇಲ್ಲ. ಅದನ್ನು ದಾಟದೆ ಪದವಿಯಿಲ್ಲ. ಸೇರಬೇಕೆಂದಿರುವ ಕಡೆ ಎಳೆದಿರುವ ಗೆರೆಗೆ ಕೂದಲೆಳೆಯಷ್ಟು ಕಡಮೆಯಾಗಿದ್ದು, ಒಂದು ಪತ್ರಿಕೆ ಅದನ್ನು ತುಂಬಿಕೊಡುವುದಾದರೆ ಆಗಲೂ ಕಟ್ಟಬೇಕು. 0.11 ಎಂಬುದು ಸಣ್ಣ ಸಂಖ್ಯೆಯೇ, ಆದರೆ 6.90 ಇದ್ದು 7 ಬೇಕಾದವರಿಗೆ ಅದೇ ಬಾಗಿಲಿನ ಬೀಗದ ಕೈ. ಕಡಮೆ ಬಂದ ವಿಷಯವೇ ಮುಂದೆ ಓದುವ ವಿಷಯವಾಗಿದ್ದು, ಅದರ ಅಂಕವನ್ನೇ ಆಧಾರವಾಗಿಟ್ಟುಕೊಂಡು ಸೀಟು ಹಂಚುವುದಾದರೆ ಆಗಲೂ ಯೋಚಿಸಬೇಕು. ಕಾಯಿಲೆಯಿಂದಲೋ ಮನೆಯ ವಿಪತ್ತಿನಿಂದಲೋ ಇಡೀ ವರ್ಷದ ಓದೇ ಹೋಗಿದ್ದರೆ, ಒಂದು ವರ್ಷ ನಿಂತು ಉಸಿರು ತೆಗೆದುಕೊಳ್ಳುವುದು ಸೋಲಲ್ಲ, ವಿವೇಕ.

ಬೇಡದ ಸಂದರ್ಭಗಳೂ ಇವೆ. ಪಟ್ಟಿಯಲ್ಲಿ ಎಲ್ಲ ಸಾಲುಗಳೂ ಒಂದೇ ಎತ್ತರ ಕಾಣಬೇಕೆಂಬ ಹಂಬಲಕ್ಕೆ ಒಂದು ವರ್ಷ ಕೊಡುವುದು ದುಬಾರಿ. ಬಂಧುಗಳ ಮುಂದೆ ಉತ್ತರ ಹೇಳುವುದಕ್ಕಾಗಿ ಕಟ್ಟುವುದು ಇನ್ನೂ ದುಬಾರಿ. ಅವರು ಮುಂದಿನ ವರ್ಷ ಬೇರೆ ಪ್ರಶ್ನೆಯನ್ನು ಹುಡುಕಿಕೊಂಡು ಬರುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಮುಂದಿನ ಮೆಟ್ಟಿಲ ಮೇಲಿನ ಹೆದರಿಕೆಯೇ ಹಿಂದಿನ ಮೆಟ್ಟಿಲ ಮೇಲಿನ ಪ್ರೀತಿಯಾಗಿ ವೇಷ ಹಾಕಿಕೊಂಡು ಬರುವುದುಂಟು. ಅದನ್ನು ಗುರುತಿಸಲು ಹೊರಗಿನವರಿಂದಾಗದು. ಮಕ್ಕಳೇ ತಮ್ಮ ಮನಸ್ಸನ್ನು ಕೇಳಿಕೊಳ್ಳಬೇಕು. ಕೇಳಿಕೊಳ್ಳಲು ಬೇಕಾದ ಒಂದೆರಡು ದಿನಗಳ ನಿಶ್ಶಬ್ದವನ್ನು ಮನೆಯವರು ಕೊಡಬೇಕು.

ಎಂಟು ವಾರಗಳ ಒಪ್ಪಂದ

ಕೆಸರೆಯ ಮನೆಯಲ್ಲಿ ಆ ರಾತ್ರಿ ತೀರ್ಮಾನವಾಗಲಿಲ್ಲ. ಮೂರನೆಯ ದಿನ ಆಯಿತು. ತೀರ್ಮಾನವನ್ನು ಹೇಳಿದವಳು ಮಗಳೇ.

“ಅಪ್ಪಾ, ಎಂ.ಎಸ್‌ಸಿ.ಗೆ ಈ ವರ್ಷವೇ ಅರ್ಜಿ ಹಾಕುತ್ತೇನೆ. ಪರೀಕ್ಷೆಯನ್ನು ಮತ್ತೆ ಕಟ್ಟುವುದಿಲ್ಲ. ಆದರೆ ಆ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದುತ್ತೇನೆ. ಬೆಳಗಿನ ಎರಡು ಗಂಟೆ ನನ್ನನ್ನು ಯಾರೂ ಅಡಿಗೆಮನೆಗೆ ಕರೆಯಬಾರದು.”

ಕೊನೆಯ ಮಾತನ್ನು ಹೇಳುವಾಗ ಅವಳು ತಾಯಿಯ ಮುಖವನ್ನು ನೋಡಲಿಲ್ಲ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ. ಬೆಳಗಿನ ಚಪಾತಿ ತಮ್ಮ ಲಟ್ಟಿಸಲಿ,” ಎಂದರು. ತಮ್ಮನ ಮುಖ ನೋಡಿ ಎಲ್ಲರೂ ನಕ್ಕರು. ಆದರೆ ಆ ಮಾತು ಹಾಸ್ಯಕ್ಕಾಗಿ ಆಡಿದ್ದಲ್ಲವೆಂಬುದು ಮರುದಿನ ಬೆಳಗ್ಗೆ ಅವನಿಗೆ ತಿಳಿಯಿತು.

ತರಗತಿ ಆರಂಭವಾಗುವುದಕ್ಕೆ ಎಂಟು ವಾರಗಳಿದ್ದುವು. ಮೇಷ್ಟ್ರು ಪುಸ್ತಕವನ್ನು ಎಂಟು ಭಾಗ ಮಾಡಿಕೊಟ್ಟರು. ತಮಗೆ ತಿಳಿಯದ ಕಡೆ ತಿಳಿಯದೆಂದೇ ಹೇಳಿದರು. ಅಂಥ ಕಡೆ ಐ.ಐ.ಟಿ.ಗಳ ಅಧ್ಯಾಪಕರು ಎನ್.ಪಿ.ಟಿ.ಇ.ಎಲ್. ಮೂಲಕ ನೀಡುವ ಪಾಠಗಳನ್ನು ಮಗಳು ಫೋನಿನಲ್ಲಿ ನೋಡಿದಳು. ಇಂಥ ಪಾಠಗಳು ಇಂದು ಬೆಲೆಯಿಲ್ಲದೆ ದೊರೆಯುತ್ತವೆ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ವ್ಯವಸ್ಥೆಯೂ ಇದೆ. ಹಿಂದೆ ತರಗತಿ ತಪ್ಪಿದವರಿಗೆ ಗೆಳೆಯರ ನೋಟುಪುಸ್ತಕವೊಂದೇ ಗತಿಯಾಗಿತ್ತು. ಇಂದು ಪಾಠ ಸಿಗುವುದು ಕಷ್ಟವಲ್ಲ. ಅದರ ಮುಂದೆ ದಿನಕ್ಕೆ ಎರಡು ಗಂಟೆ ಕುಳಿತುಕೊಳ್ಳುವುದು ಕಷ್ಟ.

ಮೂರನೆಯ ವಾರದಲ್ಲಿ ಮಗಳು ಪುಸ್ತಕವನ್ನು ಮುಚ್ಚಿ, “ಮಾವ ಹೇಳಿದ್ದೇ ಸರಿ, ಪರೀಕ್ಷೆಯನ್ನೇ ಕಟ್ಟಿದ್ದರೆ ಚೆನ್ನಾಗಿತ್ತು,” ಎಂದು ಅತ್ತದ್ದುಂಟು. ಪರೀಕ್ಷೆಯಾದರೆ ಉಪಾಯದಿಂದ ದಾಟಬಹುದು. ತಿಳಿವಳಿಕೆಯನ್ನು ಉಪಾಯದಿಂದ ದಾಟಲಾಗದು. ಆರನೆಯ ವಾರದಲ್ಲಿ ಕಾದ ಸರಳಿನ ಸಮೀಕರಣ ಬಿಡಿಸಿಕೊಂಡಿತು. ಅದು ಬಿಡಿಸಿಕೊಂಡ ಬೆಳಗ್ಗೆ ಅವಳು ಬಾಣಲೆಯ ಹಿಡಿಯನ್ನು ನೋಡುತ್ತ, ಶಾಖ ತುದಿಗೆ ಬರಲು ಎಷ್ಟು ಹೊತ್ತು ಬೇಕೆಂದು ತಮ್ಮನಿಗೆ ವಿವರಿಸುತ್ತಿದ್ದಳು. ಚಪಾತಿ ಸೀದುಹೋಯಿತು, ಯಾರೂ ಗದರಲಿಲ್ಲ.

ಎಂಟನೆಯ ವಾರದ ಭಾನುವಾರ ಊಟದ ಮೇಜನ್ನು ಮತ್ತೆ ಒರೆಸಿದರು. ಹೊಸದೊಂದು ಪ್ರಶ್ನೆಪತ್ರಿಕೆ, ಮೂರು ಗಂಟೆಯ ಅವಧಿ. ಪರೀಕ್ಷೆಯ ಮೇಲ್ವಿಚಾರಣೆಗೆ ಕುಳಿತವರು ಅಜ್ಜಿ. ಕೈಯಲ್ಲಿ ಊರುಗೋಲು, ಎದುರಿಗೆ ಗಡಿಯಾರ. ಮೊಮ್ಮಗಳು ತಲೆಯೆತ್ತಿದಾಗಲೆಲ್ಲ, “ಬರೆಯಮ್ಮ, ಬರೆ. ಕೈ ಕೆಸರಾದರೆ ಬಾಯಿ ಮೊಸರು,” ಎನ್ನುತ್ತಿದ್ದರು.

ಸಂಜೆ ಮೇಷ್ಟ್ರು ಕೆಂಪು ಪೆನ್ನು ಹಿಡಿದು ಓದುತ್ತ ಹೋದರು. ಎರಡು ಕಡೆ ಗೆರೆ ಎಳೆದರು. ಒಂದು ಕಡೆ ಚಿಹ್ನೆ ತಪ್ಪಿದ್ದನ್ನು ತೋರಿಸಿದರು. ಕೊನೆಯ ಪುಟ ಮುಗಿದ ಮೇಲೆ ಹಾಳೆಗಳನ್ನು ಜೋಡಿಸಿ ಹಿಂದಿರುಗಿಸಿದರು.

“ಎಷ್ಟು ಅಂಕ, ಮೇಷ್ಟ್ರೆ?” ಎಂದು ತಂದೆ ಕೇಳಿದರು.

“ಅಂಕ ಹಾಕಿಲ್ಲ, ಸ್ವಾಮಿ. ಅದು ಪಟ್ಟಿಯಲ್ಲಿ ಆಗಲೇ ಇದೆಯಲ್ಲ, ನಲವತ್ತೆರಡು, ಇರಲಿ ಬಿಡಿ. ಪಾಠ ಬಂದಿದೆ.”

ಅಜ್ಜಿಗೆ ಲೆಕ್ಕ ತಿಳಿಯದು, ಮಾತು ತಿಳಿಯಿತು. ಊರುಗೋಲನ್ನು ಗೋಡೆಗೆ ಒರಗಿಸಿ, ಮೊಮ್ಮಗಳಿಗೆ ತಾವೇ ಎದ್ದು ಒಂದು ಲೋಟ ಕಾಫಿ ತರಲು ಒಳಗೆ ಹೋದರು.